ನೀರಿನ ಬಿಲ್ಲು ಕಟ್ಟಿದರೆ ಸಾಕೇ?

ಬೆಂಗಳೂರಿನ ನಮ್ಮ ಧರ್ಮಕೇಂದ್ರದ ಜ್ಞಾನೋಪದೇಶದ ತರಗತಿಯಲ್ಲಿ, ನೀರನ್ನು ಪೋಲು ಮಾಡಬಾರದೆಂದು ಹೇಳುತ್ತಿದ್ದೆ. ಹುಡುಗನೊಬ್ಬ ಎದ್ದು, "ಫಾದರ್, ನಮ್ಮಪ್ಪ ಬಿಲ್ಲು ಕಟ್ಟುತ್ತಾರಲ್ಲಾ?" ಎಂದ. ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ. ಪಕ್ಕದಲ್ಲೇ ಕುಳಿತಿದ್ದ ಹುಡುಗಿಯ ಮನೆಯವರು 2024ರ ಬೇಸಿಗೆಯಲ್ಲಿ ಕೊಡ ಹಿಡಿದು ಟ್ಯಾಂಕರಿಗಾಗಿ ಕಾದವರು.

ಪ್ರಿಯ ತಂದೆತಾಯಿಗಳೇ, ಅವನು ಆ ಮಾತನ್ನು ಕಲಿತದ್ದು ಎಲ್ಲಿ? "ನಲ್ಲಿ ನಿಲ್ಲಿಸು, ಬಿಲ್ಲು ಜಾಸ್ತಿ ಬರುತ್ತದೆ" ಎಂದು ಗದರುವವರು ನಾವೇ ಅಲ್ಲವೇ? ಹಾಗಾದರೆ ಹಣವಿದ್ದವನು ಚೆಲ್ಲಬಹುದೆಂದು ಮಗು ತಿಳಿಯುವುದರಲ್ಲಿ ಆಶ್ಚರ್ಯವೇನು? ನಾವು ಕಲಿಸಿದ್ದು ಮಿತವ್ಯಯ, ನ್ಯಾಯವನ್ನಲ್ಲ. (ನಮ್ಮ ಗುರುಮನೆಯ ತೊಟ್ಟಿಯೂ ಆಗಾಗ ಉಕ್ಕಿ ಹರಿಯುತ್ತದೆನ್ನಿ.)

ಕಾವೇರಿಯ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ಸಾಗಿ, ಪಂಪುಗಳ ಬಲದಿಂದ ಸುಮಾರು 500 ಮೀಟರು ಮೇಲೇರಿ ನಮ್ಮ ನಲ್ಲಿಗೆ ಬರುತ್ತದೆ. ನಾವು ಕಟ್ಟುವ ಹಣ ಕೊಳವೆಗೆ, ವಿದ್ಯುತ್ತಿಗೆ. ಮಳೆಗೆ ಯಾರು ಬೆಲೆ ಕೊಟ್ಟರು? ಸಂತ ಥಾಮಸ್ ಅಕ್ವಿನಾಸರು ಆಸ್ತಿಯ ಒಡೆತನವನ್ನು ಒಪ್ಪಿದರು; ಬಳಸುವಾಗ ಮಾತ್ರ ಅದನ್ನು ಎಲ್ಲರದೆಂದು ಭಾವಿಸಿ, ಇಲ್ಲದವರೊಡನೆ ಹಂಚಿಕೊಳ್ಳಲು ಸಿದ್ಧರಿರಬೇಕೆಂದರು. ದಿವಂಗತ ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸೀ' ಪತ್ರದಲ್ಲಿ ಕುಡಿಯುವ ಶುದ್ಧ ನೀರನ್ನು ಮಾನವ ಹಕ್ಕೆಂದೇ ಕರೆದರು.

ಮುಂದಿನ ಭಾನುವಾರ ಉಪದೇಶ ಬಿಟ್ಟು, ಅಂಗಳದ ನಲ್ಲಿಯಿಂದ ಮಾತೆಯ ಗವಿಯ ಗಿಡಗಳಿಗೆ ಒಂದೊಂದು ಕೊಡ ನೀರು ಹೊರಲು ಮಕ್ಕಳಿಗೆ ಹೇಳಿದೆ. ಆ ಹುಡುಗಿ ಹನಿ ತುಳುಕಿಸದೆ ಬಂದಳು. ಮೈಯೆಲ್ಲಾ ನೆನೆಸಿಕೊಂಡು ಬಂದ ಹುಡುಗ ಅವಳನ್ನು ಕೇಳುತ್ತಿದ್ದ: "ದಿನಾ ಇಷ್ಟು ಹೊರುತ್ತೀಯಾ?"