ಗುಡಾರದಲ್ಲಿ ಒಂದು ರಾತ್ರಿ



ರಜೆ ಬಂತೆಂದರೆ ನಮ್ಮ ಕೊಳ್ಳೇಗಾಲದ ಮನೆಗಳಲ್ಲೂ ಈಗ ಮಕ್ಕಳದು ಒಂದೇ ಹಟ: ಕಾಡಿಗೆ ಹೋಗೋಣ, ಟೆಂಟಿನಲ್ಲಿ ಮಲಗೋಣ. ಒಳಗೇ ಹಾಸಿಗೆ, ಒಲೆ ಇರುವ ವ್ಯಾನನ್ನು ಬಾಡಿಗೆಗೆ ಹಿಡಿಯುವವರೂ ಇದ್ದಾರೆ. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟ ಹತ್ತಿ ಮುಂದೆ ಹೋದರೆ ಕ್ಯಾತೇದೇವರಗುಡಿಯಲ್ಲಿ ಟೆಂಟುಗಳಿವೆ. ಧಾರಾಳವಾಗಿ ಹೋಗಿಬನ್ನಿ. ಕತ್ತಲಾದ ಮೇಲೆ ಅಲ್ಲಿ ಅಪ್ಪ, ಅಮ್ಮ, ಮಕ್ಕಳು ಒಬ್ಬರ ಮುಖ ಒಬ್ಬರು ನೋಡಲೇಬೇಕು. ಅದೇ ದೊಡ್ಡ ಲಾಭ. (ಶುಕ್ರವಾರ ಹೋಗಿ ಶನಿವಾರ ಇಳಿದುಬಿಡಿ. ಭಾನುವಾರದ ಪೂಜೆಗೆ ರಜೆಯಿಲ್ಲ!)

ಗುಡಾರವೆಂಬುದು ದೇವಪ್ರಜೆಗೆ ಹೊಸದಲ್ಲ. ಇಸ್ರಯೇಲರು ಕಾನಾನಿನಲ್ಲಿ ಗಟ್ಟಿ ಮನೆ ಕಟ್ಟಿಕೊಂಡ ಮೇಲೂ ವರ್ಷಕ್ಕೆ ಏಳು ದಿನ ಎಲೆ-ಕೊಂಬೆಗಳ ಗುಡಿಸಲಲ್ಲಿ ಇರಬೇಕೆಂದು ಯಾಜಕಕಾಂಡದ 23ನೇ ಅಧ್ಯಾಯ ವಿಧಿಸುತ್ತದೆ. ಈಜಿಪ್ಟಿನಿಂದ ಹೊರಟ ಹಿರಿಯರಿಗೆ ಮನೆಯಿರಲಿಲ್ಲವೆಂಬುದು ಮಕ್ಕಳಿಗೆ ಗೊತ್ತಾಗಲೆಂದು ಈ ಪರ್ಣಕುಟೀರಗಳ ಹಬ್ಬ. ಮನೆಯಿದ್ದವನು ಮನೆಯಿಲ್ಲದ ಕಾಲವನ್ನು ಮೈಯಲ್ಲೇ ನೆನೆಯಬೇಕು. ಧರ್ಮೋಪದೇಶಕಾಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಹಬ್ಬದ ಸಂತೋಷದಲ್ಲಿ ಪರದೇಶಿ, ಅನಾಥ, ವಿಧವೆ ಎಲ್ಲರೂ ಪಾಲುಗೊಳ್ಳಬೇಕು.

ನಮ್ಮ ಬೆಟ್ಟದಲ್ಲೂ ಅಂಥ ನೆನಪಿದೆ. 1974ರಲ್ಲಿ ಈ ಕಾಡು ವನ್ಯಧಾಮವಾದಾಗ ಒಳಗಿದ್ದ ಸೋಲಿಗರು ಹಳೆಯ ನೆಲೆ ಬಿಟ್ಟು ಹೊಸ ಪೋಡುಗಳಿಗೆ ಬರಬೇಕಾಯಿತು. 2011ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ದೊರೆಯಿತು. ಅವರು ಹಕ್ಕಿಗಾಗಿ ಅಷ್ಟು ವರ್ಷ ಕಾದ ನೆಲದಲ್ಲಿ ನಾವು ಹಣ ಕೊಟ್ಟು ಒಂದು ರಾತ್ರಿ ಮಲಗುತ್ತೇವೆ. ಆದ್ದರಿಂದ, ತಾಯಂದಿರೇ, ಆನೆ, ಕಾಟಿ ತೋರಿಸಿದ ಹಾಗೆ ಮಕ್ಕಳಿಗೆ ಪೋಡಿನ ಜನರನ್ನು ಬೊಟ್ಟು ಮಾಡಿ ತೋರಿಸಬೇಡಿ. ಜೇನು ಕೊಳ್ಳುವಾಗ ಚೌಕಾಸಿ ಬೇಡ.

ಇನ್ನು ಹನೂರು ಕಡೆ ನಮ್ಮವರೇ ಇದ್ದಾರೆ. ಮಳೆ ಕೈಕೊಟ್ಟರೆ ಮಾರ್ಟಳ್ಳಿ, ಸಂದನಪಾಳ್ಯದ ಸುತ್ತಿನಿಂದ ಗಂಡ-ಹೆಂಡತಿ ದೂರದೂರಿಗೆ ಕೂಲಿಗೆ ಹೊರಡುತ್ತಾರೆ. ಮಕ್ಕಳು ಅಜ್ಜಿಯ ಬಳಿ. ಅಲ್ಲಿ ತಗಡಿನ ಶೆಡ್ಡೋ ಟಾರ್ಪಾಲೋ ಮನೆ. ನಮ್ಮ ಟೆಂಟಿಗೂ ಅವರ ಟಾರ್ಪಾಲಿಗೂ ಒಂದೇ ವ್ಯತ್ಯಾಸ: ನಮಗೆ ಬೆಳಿಗ್ಗೆ ವಾಪಸು ಬರಲು ಮನೆಯಿದೆ.

ಬೆಟ್ಟದ ಮೇಲೆ ಯೇಸುವಿನ ರೂಪಾಂತರ ಕಂಡ ಸಂತ ಪೇತ್ರನಿಗೂ ಮೂರು ಗುಡಾರ ಹಾಕಿ ಅಲ್ಲೇ ಉಳಿಯುವಾಸೆ. ತಾನೇನು ಹೇಳುತ್ತಿದ್ದೇನೆಂದು ಅವನಿಗೇ ತಿಳಿದಿರಲಿಲ್ಲವೆಂದು ಶುಭಸಂದೇಶ ನೇರವಾಗಿಯೇ ಹೇಳುತ್ತದೆ. ಯೇಸು ಕೆಳಗಿಳಿದರು. ಅಲ್ಲಿ ಕಾಯಿಲೆಯ ಮಗನೊಂದಿಗೆ ಒಬ್ಬ ತಂದೆ ಕಾಯುತ್ತಿದ್ದ. ದೇವರ ವಾಕ್ಯ ನಮ್ಮ ನಡುವೆ ನೆಲೆಸಿತೆನ್ನುವಾಗ ಸಂತ ಯೊವಾನ್ನ ಬಳಸುವ ಗ್ರೀಕ್ ಪದಕ್ಕೆ ಗುಡಾರ ಹಾಕಿತು ಎಂದೇ ಅರ್ಥ.

ನೀವೂ ಬೆಟ್ಟ ಇಳಿದ ಮೇಲೆ, ಭಾನುವಾರ ಪೂಜೆ ಮುಗಿಸಿ, ನಿಮ್ಮ ಬೀದಿಯಲ್ಲಿ ಕಟ್ಟಡ ಏಳುತ್ತಿರುವ ಕಡೆ ಮಕ್ಕಳನ್ನು ಕರೆದೊಯ್ಯಿರಿ. ಪ್ರವಾಸಕ್ಕೆಂದು ಕೊಂಡ ಸೊಳ್ಳೆಪರದೆ, ಕಂಬಳಿ ಜೊತೆಗಿರಲಿ. ಯಾವ ಊರು, ಮಕ್ಕಳೆಲ್ಲಿ ಎಂದು ಕೇಳಿ. ಒಳಗೆ ಬನ್ನಿ ಎಂದರೆ ಹೋಗಿ ಕೂತು, ಅವರು ಕೊಡುವ ಟೀ ಕುಡಿಯಿರಿ.