ಕಾಯಕದ ಅಳತೆ

ದುಡಿಮೆಯು ಸದ್ಗುಣವೆಂಬುದನ್ನು ಒಪ್ಪದವರಿಲ್ಲ. ಆದರೆ ದುಡಿಮೆಗೂ ಒಂದು ಅಳತೆಯುಂಟೆ? ಶಕ್ತಿಯನ್ನು ಮೀರಿ ದುಡಿಯುವುದು ಕಾಯಕವೋ, ಅಥವಾ ಕಾಯಕದ ವೇಷವನ್ನು ಧರಿಸಿದ ಲೋಭವೋ? ಈ ಪ್ರಶ್ನೆಯು ಇಂದು ಹೊಲ ಅಂಗಡಿಗಳಿಗಿಂತಲೂ ಹೆಚ್ಚಾಗಿ ವಿದ್ಯಾರ್ಥಿಯ ಓದಿನ ಕೋಣೆಯಲ್ಲಿ ಎದ್ದು ನಿಂತಿದೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಒಕ್ಕಲು ಮನೆಗಳ ಮಕ್ಕಳಿಗೆ ವೃತ್ತಿಶಿಕ್ಷಣದ ಬಾಗಿಲು ಹಿಂದಿಗಿಂತ ಈಗ ಅಗಲವಾಗಿದೆ. ಸಂವಿಧಾನದ 371(ಜೆ) ವಿಧಿಯು 2013ರಲ್ಲಿ ಜಾರಿಗೆ ಬಂದ ತರುವಾಯ ಈ ಜಿಲ್ಲೆಗೂ ಮೀಸಲು ಸ್ಥಾನಗಳು ದೊರೆತಿವೆ. ಆ ಬಾಗಿಲುಗಳಲ್ಲಿ ವಿಮಾನವಿದ್ಯೆಯೂ ಒಂದು. 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯು ಹುಟ್ಟಿತು. 1942ರಲ್ಲಿ ಅಲ್ಲಿಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ವಿದ್ಯೆಯ ವಿಭಾಗವು ತೆರೆಯಿತು. ಅಂದಿನಿಂದ ಇದು ಕನ್ನಡ ನೆಲದ ವಿದ್ಯೆಯೇ ಆಗಿದೆ.

ಆದರೆ ಇದರ ಹೊರೆ ಹಗುರವಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಂತೆ ಇಂಜಿನಿಯರಿಂಗ್ ಪದವಿಗೆ ನಾಲ್ಕು ವರ್ಷ, ಎಂಟು ಸೆಮಿಸ್ಟರುಗಳು, ಒಟ್ಟು 160 ಕ್ರೆಡಿಟ್ಟುಗಳು. ಗಣಿತವು ಗಟ್ಟಿಯಾಗದೆ ಗಾಳಿಯ ಚಲನೆ ತಿಳಿಯದು. ಅದು ತಿಳಿಯದೆ ರೆಕ್ಕೆಯ ವಿಚಾರ ಹತ್ತದು. ಉಷ್ಣಶಾಸ್ತ್ರವಿಲ್ಲದೆ ಎಂಜಿನ್ ಅರ್ಥವಾಗದು. ಒಂದು ಮೆಟ್ಟಿಲು ಸಡಿಲಾದರೆ ಮೇಲಿನದೆಲ್ಲವೂ ಅಲುಗಾಡುತ್ತದೆ. ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲಿ ಓದಿ ಹೋದವನಿಗೆ ಇದರೊಡನೆ ಇಂಗ್ಲಿಷಿನ ಹೊರೆಯೂ ಕೂಡುತ್ತದೆ. ಆಗ ಅವನು ಮೊದಲು ಬಲಿಕೊಡುವುದು ನಿದ್ರೆಯನ್ನು, ಬಳಿಕ ಊಟವನ್ನು, ಕೊನೆಗೆ ಮನೆಯವರೊಡನೆ ಮನಬಿಚ್ಚಿ ಆಡುವ ಮಾತನ್ನು.

ಇಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ವೃತ್ತಾಂತವು ದಾರಿ ತೋರುತ್ತದೆ. ಅವರು ದೂರದವರಲ್ಲ, ಕುಷ್ಟಗಿಯ ನೆರೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಹಿಗ್ಗಲಿಲ್ಲ, ಅಂದಂದಿನ ಅಗತ್ಯಕ್ಕೆ ಮೀರಿದುದು ಆಸೆಯೆಂದು ತಿಳಿಹೇಳಿ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳು. ಆಕೆಯು ದುಡಿಮೆಯನ್ನು ಹಳಿಯಲಿಲ್ಲ. ದುಡಿಮೆಯೊಳಗೆ ಹೊಕ್ಕ ಆಸೆಯನ್ನು ಹಳಿದಳು.

ಈ ತತ್ತ್ವಕ್ಕೆ ಎರಡು ಮುಖಗಳಿವೆ. ಅಂದಿನ ಅಕ್ಕಿಯನ್ನು ಅಂದೇ ಆಯಬೇಕು. ನಾಳೆಗೆಂದು ಬಿಡುವುದು ಸೋಮಾರಿತನ. ನಾಳಿನದನ್ನೂ ಇಂದೇ ಬಾಚುವುದು ಲೋಭ. ವಿದ್ಯಾರ್ಥಿಗೂ ಇದೇ ನಿಯಮ. ಮೇಲೆ ಹೇಳಿದ ಪಠ್ಯಕ್ರಮದಲ್ಲಿ ಅರ್ಧದಷ್ಟು ಅಂಕಗಳು ಕೊನೆಯ ಪರೀಕ್ಷೆಯಿಂದಲ್ಲ, ಸೆಮಿಸ್ಟರಿನುದ್ದಕ್ಕೂ ನಡೆಯುವ ನಿರಂತರ ಮೌಲ್ಯಮಾಪನದಿಂದ ಬರುತ್ತವೆ. ದಿನದ ಪಾಠವನ್ನು ದಿನವೇ ತಿರುವಿಹಾಕಿ, ನಾಲ್ಕು ಲೆಕ್ಕಗಳನ್ನು ತನ್ನ ಕೈಯಿಂದಲೇ ಬಿಡಿಸಿ, ತಿಳಿಯದುದನ್ನು ಗುರುತಿಸಿಟ್ಟು ಮರುದಿನವೇ ಅಧ್ಯಾಪಕರನ್ನು ಕೇಳುವವನಿಗೆ ಹೊರೆಯು ಹಂಚಿಹೋಗುತ್ತದೆ. ಹೊಗಳಿಕೆಗಾಗಿ ಸ್ಪರ್ಧೆ, ಸಂಘ, ಪ್ರಮಾಣಪತ್ರಗಳನ್ನೆಲ್ಲ ಒಮ್ಮೆಲೇ ಬಾಚಿಕೊಂಡವನು ಲಕ್ಕಮ್ಮನ ಮಾತನ್ನು ನೆನೆದು, ಹೆಚ್ಚಿನದನ್ನು ಸುರಿದು ಬರಬೇಕು.

ಇದಕ್ಕೊಂದು ಆಕ್ಷೇಪವುಂಟು. ಅಬ್ದುಲ್ ಕಲಾಂ ಅವರು ಮದರಾಸಿನಲ್ಲಿ ವಿಮಾನವಿದ್ಯೆಯನ್ನು ಓದುವಾಗ, ಅವರ ವಿನ್ಯಾಸವು ಸಾಲದೆಂದು ಪ್ರಾಧ್ಯಾಪಕರು ಮೂರೇ ದಿನಗಳ ಗಡುವು ಕೊಟ್ಟರು. ತಪ್ಪಿದರೆ ವಿದ್ಯಾರ್ಥಿವೇತನವು ನಿಲ್ಲುವುದೆಂದರು. ಊಟವನ್ನು ಬಿಟ್ಟು, ರಾತ್ರಿಯೆಲ್ಲ ಕುಳಿತು ಅವರು ಅದನ್ನು ಮುಗಿಸಿದುದನ್ನು ತಮ್ಮ ಆತ್ಮಕಥೆಯಲ್ಲಿಯೇ ಹೇಳಿದ್ದಾರೆ. ಹಾಗಾದರೆ ಅದು ತಪ್ಪೇ? ತಪ್ಪಲ್ಲ. ಆದರೆ ಅದು ಸಂಕಟದಲ್ಲಿ ಕುಡಿದ ಔಷಧ; ನಿತ್ಯದ ಅನ್ನವಲ್ಲ. ಸುಗ್ಗಿಯಲ್ಲಿ ಒಕ್ಕಲಿಗನು ಕಣದಲ್ಲಿಯೇ ರಾತ್ರಿ ಕಳೆಯುತ್ತಾನೆ. ವರ್ಷವಿಡೀ ಹಾಗೆ ಕಳೆಯುವವನಿಲ್ಲ.

ವಿಮಾನಶಾಸ್ತ್ರವೂ ಇದನ್ನೇ ಸಾರುತ್ತದೆ. ರೆಕ್ಕೆಯನ್ನು ಎದುರುಗಾಳಿಗೆ ಓರೆಯಾಗಿಸಿದಷ್ಟೂ ಎತ್ತುವ ಬಲವು ಹೆಚ್ಚುತ್ತದೆ. ಆದರೆ ಸಾಮಾನ್ಯವಾಗಿ ಸುಮಾರು 15 ಡಿಗ್ರಿಗಳ ಓರೆಯನ್ನು ದಾಟಿದರೆ ಗಾಳಿಯು ರೆಕ್ಕೆಯ ಮೇಲ್ಮೈಯನ್ನು ಬಿಟ್ಟು ಹೋಗಿ, ಆ ಬಲವು ಕುಸಿಯುತ್ತದೆ. ಆಗ ಮೂತಿಯನ್ನು ಇನ್ನೂ ಮೇಲೆತ್ತುವವನು ಬೀಳುತ್ತಾನೆ, ತಗ್ಗಿಸುವವನು ಉಳಿಯುತ್ತಾನೆ. ವಿಮಾನದ ಒಡಲನ್ನು ಹಾರಾಟದಲ್ಲಿ ಒದಗಬಹುದಾದ ಅತಿ ಹೆಚ್ಚಿನ ಭಾರದ 1.5 ಪಟ್ಟನ್ನು ತಾಳುವಂತೆ ಕಟ್ಟುತ್ತಾರೆ. ಲೋಹಕ್ಕೇ ಇಷ್ಟು ಉಳಿಕೆಯ ಬಲವನ್ನು ಇಟ್ಟಿರುವಾಗ, ಮನುಷ್ಯನ ದೇಹಕ್ಕೂ ಮನಸ್ಸಿಗೂ ಏನನ್ನೂ ಉಳಿಸದಿರುವುದು ವಿವೇಕವೆನಿಸೀತೆ?

ಗೃಹಸ್ಥರಾದ ಸದ್ಭಕ್ತರಿಗೂ ಇಲ್ಲಿ ಒಂದು ಹೊಣೆಯಿದೆ. ಸಾಲ ಮಾಡಿ ಮಗನನ್ನೋ ಮಗಳನ್ನೋ ಓದಿಸುವ ತಂದೆಯ ಕಳವಳವು ಸಹಜ. ಆದರೆ ದೂರವಾಣಿಯಲ್ಲಿ ಮೊದಲು ಅಂಕವನ್ನು ಕೇಳಿ, ಆಮೇಲೆ ಆರೋಗ್ಯವನ್ನು ಕೇಳುವ ಮನೆಯು ಅರಿಯದೆಯೇ ಹೊರೆಯನ್ನು ಹೆಚ್ಚಿಸುತ್ತದೆ. ಒಂದು ವಿಷಯದಲ್ಲಿ ತಪ್ಪಿದ ಮಾತ್ರಕ್ಕೆ ಬಾಳೇ ತಪ್ಪಿತೆಂದು ಎಳೆಯ ಮನಸ್ಸು ಬಗೆಯಬಾರದು. 1979ರ ಆಗಸ್ಟ್ 10ರಂದು ಭಾರತದ ಮೊದಲ ಉಪಗ್ರಹವಾಹಕ ಎಸ್‌ಎಲ್‌ವಿ-3 ಸಮುದ್ರಕ್ಕೆ ಬಿದ್ದಿತು. ಆಗ ಇಸ್ರೋ ಅಧ್ಯಕ್ಷರಾಗಿದ್ದ ಸತೀಶ್ ಧವನ್ ಅವರು ಕಲಾಂ ಅವರನ್ನು ಮುಂದೆ ತಳ್ಳದೆ, ಸೋಲಿನ ಹೊಣೆಯನ್ನು ತಾವೇ ಹೊತ್ತು ಪತ್ರಕರ್ತರೆದುರು ಮಾತನಾಡಿದರು. 1980ರ ಜುಲೈ 18ರಂದು ಅದೇ ಬಗೆಯ ವಾಹಕವು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ ಮಾತನಾಡುವ ಗೌರವವನ್ನು ಕಲಾಂ ಅವರಿಗೆ ಬಿಟ್ಟುಕೊಟ್ಟರು. ಹಿರಿಯರೆನಿಸುವುದು ಹೀಗೆ: ಸೋಲಿನ ದಿನ ಹೊರೆಗೆ ಹೆಗಲು ಕೊಟ್ಟು, ಗೆಲವಿನ ದಿನ ಹಿಂದೆ ಸರಿದು ನಿಲ್ಲುವುದು.

ಕೊಪ್ಪಳದ ಗವಿಮಠದ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿದೆ. ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಸತತ ಪ್ರಯತ್ನದಿಂದ ಹಿರಿದಾದುದು ಲಭಿಸುವುದೆಂಬುದು ಅದರ ಅಭಿಪ್ರಾಯ. ಯಲಬುರ್ಗಿಯ ರೈತನ ಮಗಳಿಗೂ ಆಕಾಶವು ನಿಲುಕದ್ದಲ್ಲ. ಆದರೆ ಪ್ರಯತ್ನವು ಸತತವಾಗಬೇಕಾದರೆ ಪ್ರಯತ್ನಿಸುವವರು ಉಳಿಯಬೇಕು. ಇಂದಿನ ಪಾಲನ್ನು ಇಂದು ನಿಷ್ಠೆಯಿಂದ ಮುಗಿಸಿ, ಪುಸ್ತಕವನ್ನು ಮುಚ್ಚಿ ನೆಮ್ಮದಿಯಾಗಿ ಮಲಗುವುದೂ ಕಾಯಕದ ಅಂಗವೇ ಸರಿ.