ಸನ್ಮಾನವೆಂಬ ಸಾಕ್ಷ್ಯ

ಎಸ್.ಎಸ್.ಎಲ್.ಸಿ. ಫಲಿತಾಂಶ ಹೊರಬಿದ್ದ ಕೆಲವೇ ವಾರಗಳಲ್ಲಿ ನಮ್ಮ ತಾಲ್ಲೂಕು ಕೇಂದ್ರಗಳ ಸಮುದಾಯ ಭವನಗಳು ಪ್ರತಿಭಾ ಪುರಸ್ಕಾರದ ಸಂಭ್ರಮದಿಂದ ತುಂಬಿಹೋಗುತ್ತವೆ. ಸರ್ಕಾರಿ ಶಾಲೆಗಳಲ್ಲಿ ಓದಿ ಹೆಚ್ಚಿನ ಅಂಕ ಗಳಿಸಿದ ಮಕ್ಕಳನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಸ್ಮರಣಿಕೆ ನೀಡುತ್ತಾರೆ. ಸೆಪ್ಟೆಂಬರ್ 5 ಬಂದಿತೆಂದರೆ ಅದೇ ವೇದಿಕೆಯ ಮೇಲೆ ಉತ್ತಮ ಶಿಕ್ಷಕರ ಸರದಿ.

ಇಂತಹದೊಂದು ಸಮಾರಂಭಕ್ಕೆ ಹಿಂದಿನ ವರ್ಷ ನನಗೂ ಆಮಂತ್ರಣವಿತ್ತು. ಕೂಲಿ ಮಾಡುವ ತಾಯಿಯ ಮಗಳೊಬ್ಬಳು 625ಕ್ಕೆ 600ಕ್ಕೂ ಮಿಕ್ಕಿ ಅಂಕ ಪಡೆದಿದ್ದಳು. ಆಕೆಯ ಹೆಸರು ಕರೆದಾಗ ಎದ್ದ ಚಪ್ಪಾಳೆಯಲ್ಲಿ ನಾನೂ ಮನಸಾರೆ ಸೇರಿದೆ. ಆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನೋಡಿದ ಯಾರೂ ಇಂತಹ ಸಮಾರಂಭಗಳನ್ನು ಬರಿಯ ಆಡಂಬರವೆಂದು ತಳ್ಳಿಹಾಕಲಾರರು.

ಅದೇ ಶಾಲೆಯ ಹುಡುಗನೊಬ್ಬ ಅಂದು ಬೆಳಗಿನಿಂದ ಕುರ್ಚಿಗಳನ್ನು ಹೊತ್ತು ಸಾಲಾಗಿ ಇಡುತ್ತಿದ್ದ. ಊಟದ ಹೊತ್ತಿಗೆ ನನ್ನ ಪಕ್ಕದಲ್ಲಿ ಕುಳಿತಿದ್ದ ಶಿಕ್ಷಕಿ ಅವನತ್ತ ತೋರಿಸಿ, “ಫಾದರ್, ಎಂಟನೆಯ ತರಗತಿಗೆ ಬಂದಾಗ ಇವನಿಗೆ ಕನ್ನಡದ ಒತ್ತಕ್ಷರ ಓದಲು ಬರುತ್ತಿರಲಿಲ್ಲ. ಈ ಸಲ ಗಣಿತದಲ್ಲಿ 35 ತೆಗೆದು ಪಾಸಾದ” ಎಂದರು. ಎರಡು ವರ್ಷ ಪ್ರತಿದಿನ ಸಂಜೆ ತಾವೇ ಅವನನ್ನು ಕೂರಿಸಿಕೊಂಡು ಓದಿಸಿದ್ದನ್ನು ಅವರು ಹೇಳಲಿಲ್ಲ. ಅದು ಬೇರೆಯವರಿಂದ ತಿಳಿಯಿತು. ಆ ಮಧ್ಯಾಹ್ನ ಹಂಚಿದ ಶಾಲುಗಳಲ್ಲಿ ಅವರಿಗೆ ಒಂದೂ ಇರಲಿಲ್ಲ, ಹುಡುಗನಿಗಂತೂ ಇರಲೇ ಇಲ್ಲ.

ಇದನ್ನು ಅನ್ಯಾಯವೆನ್ನಬಹುದೇ? ಉತ್ತರ ಅಷ್ಟು ಸುಲಭವಲ್ಲ. ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಅರಿಸ್ಟಾಟಲನ ಎರಡು ಮಾತುಗಳನ್ನು ನಾವು ಚರ್ಚಿಸುತ್ತಿದ್ದೆವು. ಗೌರವವೆಂಬುದು ಅದನ್ನು ಪಡೆಯುವವನಿಗಿಂತ ಹೆಚ್ಚಾಗಿ ಕೊಡುವವನ ಕೈಯಲ್ಲಿದೆ ಎಂಬುದು ಒಂದು. ಒಲಿಂಪಿಯದ ಕ್ರೀಡೆಗಳಲ್ಲಿ ಕಿರೀಟ ದೊರೆಯುವುದು ಅತ್ಯಂತ ಬಲಶಾಲಿಗಲ್ಲ, ಕಣಕ್ಕಿಳಿದು ಸ್ಪರ್ಧಿಸಿದವನಿಗೆ ಎಂಬುದು ಇನ್ನೊಂದು. ಸಂತ ತೋಮಸ್ ಅಕ್ವಿನಾಸರು ಇದನ್ನು ಮುಂದುವರಿಸಿ, ಗೌರವವೆಂದರೆ ಒಬ್ಬರ ಶ್ರೇಷ್ಠತೆಗೆ ನುಡಿಯುವ ಸಾಕ್ಷ್ಯ ಎಂದರು. ನನ್ನನ್ನು ಹಿಡಿದು ನಿಲ್ಲಿಸುವುದು ಈ ‘ಸಾಕ್ಷ್ಯ’ ಎಂಬ ಪದವೇ. ಸಾಕ್ಷಿಯಾದವನು ಕಣ್ಣಾರೆ ಕಂಡಿರಬೇಕು. ಕಾಣದೆ ನುಡಿದದ್ದು ಹೊಗಳಿಕೆಯೇ ಆಗಿದ್ದರೂ ಸಾಕ್ಷ್ಯವಾಗದು.

ಹಾಗಾದರೆ ಅಂದು ವೇದಿಕೆಯ ಮೇಲಿದ್ದ ನಾವು ಕಂಡದ್ದೇನು? ಅಂಕಪಟ್ಟಿಯನ್ನು ಮಾತ್ರ. ಅಂಕವೇನೂ ತುಚ್ಛವಲ್ಲ, ಆ ಹುಡುಗಿಯ ದುಡಿಮೆಯೆಲ್ಲ ಅದರಲ್ಲಿದೆ. ಆದರೆ ಅಂಕ ಎಷ್ಟನ್ನು ಹೇಳುತ್ತದೆ ಎಂಬುದನ್ನು 2024ರ ಪರೀಕ್ಷೆ ನಮಗೆ ಕಟುವಾಗಿಯೇ ಕಲಿಸಿತು. ಆ ವರ್ಷ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ನಡೆಸಿದಾಗ, ಹಿಂದಿನ ವರ್ಷ ಶೇ. 83.89 ಇದ್ದ ರಾಜ್ಯದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಅದೂ ಹೆಚ್ಚಿನ ಕೃಪಾಂಕ ನೀಡಿದ ಮೇಲೆ! ಇನ್ನು ‘ನೂರಕ್ಕೆ ನೂರು ಫಲಿತಾಂಶ’ ತಂದ ಶಾಲೆಗಳಿಗೆ ಸನ್ಮಾನ ಮಾಡುವ ರೂಢಿಯುಂಟು. ಓದಿನಲ್ಲಿ ಹಿಂದುಳಿದ ಮಗುವನ್ನು ಒಂಬತ್ತನೆಯ ತರಗತಿಯಲ್ಲೇ ತಡೆದೋ, ವರ್ಗಾವಣೆ ಪತ್ರ ಕೊಟ್ಟು ಕಳುಹಿಸಿಯೋ ಆ ನೂರನ್ನು ಸಾಧಿಸಬಹುದೆಂಬುದು ಪೋಷಕರಿಗೆ ತಿಳಿಯದ ಗುಟ್ಟೇನಲ್ಲ. ಅಂತಹ ಶಾಲೆಗೆ ಹಾರ ಹಾಕಿ, ಕುರ್ಚಿ ಹೊತ್ತ ಹುಡುಗನನ್ನು ಕೈಬಿಡದೆ 99ಕ್ಕೆ ನಿಂತ ಶಾಲೆಯನ್ನು ಮರೆತರೆ, ನಾವು ಯಾವ ಗುಣಕ್ಕೆ ಸಾಕ್ಷಿ ನುಡಿದಂತಾಯಿತು?

ಶಿಕ್ಷಕರ ವಿಷಯದಲ್ಲಿ ತೊಡಕು ಇನ್ನೂ ಸೂಕ್ಷ್ಮವಾದುದು. ರಾಷ್ಟ್ರಮಟ್ಟದ ಶಿಕ್ಷಕ ಪ್ರಶಸ್ತಿ ಆರಂಭವಾದದ್ದು 1958ರಲ್ಲಿ. ವರ್ಷಕ್ಕೆ 300ಕ್ಕೂ ಹೆಚ್ಚು ಜನರಿಗೆ ಸಲ್ಲುತ್ತಿದ್ದ ಈ ಗೌರವವನ್ನು 2018ರಲ್ಲಿ 45ಕ್ಕೆ ಇಳಿಸಲಾಯಿತು. ಶಿಕ್ಷಕರೇ ನೇರವಾಗಿ ಆನ್‌ಲೈನಿನಲ್ಲಿ ಅರ್ಜಿ ಸಲ್ಲಿಸುವ ಪದ್ಧತಿಯೂ ಆಗಲೇ ಬಂದಿತು. ನನಗೆ ಪರಿಚಿತರಾದ ನಿವೃತ್ತ ಮೇಷ್ಟ್ರೊಬ್ಬರು ಇದನ್ನು ಕೇಳಿ, “ಅರ್ಜಿ ಹಾಕಿ ಪಡೆದರೆ ಅದು ಮಾನ ಹೇಗಾದೀತು, ಫಾದರ್? ರೇಷನ್ ಕಾರ್ಡ್ ಆದೀತು” ಎಂದು ನಕ್ಕರು. ನಾನೂ ನಕ್ಕೆ. ಆದರೆ ಅವರೊಡನೆ ಪೂರ್ಣವಾಗಿ ಒಪ್ಪಲಾರೆ. ಅರ್ಜಿಯಿಲ್ಲದ ಕಾಲದಲ್ಲಿ ಹೆಸರು ಮೇಲಕ್ಕೇರಬೇಕಾದರೆ ಯಾರಾದರೂ ಶಿಫಾರಸು ಮಾಡಬೇಕಿತ್ತು, ಶಿಫಾರಸು ಮಾಡುವವರಿಗೆ ಪರಿಚಯವಿರಬೇಕಿತ್ತು. ಗಡಿಭಾಗದ ಹಳ್ಳಿಯ ಶಿಕ್ಷಕಿಗೆ ಅರ್ಜಿಯಾದರೂ ಒಂದು ಬಾಗಿಲನ್ನು ತೆರೆಯಿತು. ಕಣಕ್ಕಿಳಿದವನಿಗೇ ಕಿರೀಟವೆಂಬ ಅರಿಸ್ಟಾಟಲನ ಮಾತು ಇಲ್ಲಿಗೆ ಒಪ್ಪುತ್ತದೆ. ಆದರೆ ತನ್ನ ಗುಣವನ್ನು ತಾನೇ ಬರೆಯಲು ನಾಚುವವರು ಕಣಕ್ಕೇ ಇಳಿಯುವುದಿಲ್ಲವಲ್ಲ! ಶಿಕ್ಷಕ ವೃತ್ತಿಯಲ್ಲಿ ಇಂತಹ ಸಂಕೋಚದವರೇ ಹೆಚ್ಚೆಂದು ನನ್ನ ಅನುಭವ.

ಅರ್ಜಿಗೆ ಸಿಗದ ದುಡಿಮೆಯೂ ಇದೆ. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಆರಂಭವಾಗಿ, ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದ ‘ನಲಿ ಕಲಿ’ ತರಗತಿಯನ್ನು ಒಮ್ಮೆ ಹೋಗಿ ನೋಡಬೇಕು. ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕುಳಿತಿರುತ್ತಾರೆ. ಪ್ರತಿ ಮಗುವೂ ತನ್ನ ವೇಗದಲ್ಲಿ ಕಾರ್ಡಿನಿಂದ ಕಾರ್ಡಿಗೆ, ಮೆಟ್ಟಿಲಿನಿಂದ ಮೆಟ್ಟಿಲಿಗೆ ಸಾಗುತ್ತದೆ. ಶಿಕ್ಷಕಿ ನೆಲದ ಮೇಲೆ ಕುಳಿತು ಒಬ್ಬನಿಗೆ ಅಕ್ಷರ ತಿದ್ದಿಸುತ್ತಲೇ ಇನ್ನೊಬ್ಬಳ ಲೆಕ್ಕ ಕೇಳುತ್ತಿರುತ್ತಾರೆ. ಈ ಕೆಲಸದಿಂದ ಯಾವ ಪಟ್ಟಿಯಲ್ಲೂ ಶೇಕಡಾವಾರು ಹುಟ್ಟುವುದಿಲ್ಲ. ಹತ್ತು ವರ್ಷದ ನಂತರ ಅದೇ ಮಗು 600 ಅಂಕ ತೆಗೆದಾಗ ವೇದಿಕೆಯ ಮೇಲೆ ಅವರನ್ನು ನೆನೆಯುವವರು ಅಪರೂಪ.

ಸನ್ಮಾನಗಳನ್ನೇ ನಿಲ್ಲಿಸಿಬಿಡಿ ಎನ್ನುವವರಿದ್ದಾರೆ. ಅನಾರೋಗ್ಯಕರ ಪೈಪೋಟಿಯನ್ನು ತಪ್ಪಿಸಲೆಂದು ಕೇಂದ್ರೀಯ ಮಂಡಳಿಯಾದ ಸಿ.ಬಿ.ಎಸ್.ಇ. 2023ರಲ್ಲಿ ಶ್ರೇಷ್ಠರ ಪಟ್ಟಿ ಪ್ರಕಟಿಸಲಿಲ್ಲ. ಆ ಆತಂಕ ನ್ಯಾಯವಾದುದೇ. ಆದರೆ ಒಳಿತನ್ನು ಕಂಡೂ ಸುಮ್ಮನಿರುವುದು ಸಾಕ್ಷ್ಯವನ್ನು ಬಚ್ಚಿಟ್ಟಂತೆ. ಆ ಕೂಲಿಯ ತಾಯಿಗೆ ನಾವು ಆ ದಿನವನ್ನು ನಿರಾಕರಿಸಬೇಕೇ?

ಕಂಡು ನೀಡಿದ ಸನ್ಮಾನ ಹೇಗಿರುತ್ತದೆಂಬುದಕ್ಕೆ ನಮ್ಮ ನಾಡಿನದೇ ಪ್ರಸಂಗವೊಂದಿದೆ. ಡಾ. ಸರ್ವೇಪಲ್ಲಿ ರಾಧಾಕೃಷ್ಣನ್ 1918ರಿಂದ ಮೂರು ವರ್ಷ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ವಶಾಸ್ತ್ರ ಬೋಧಿಸಿದರು. 1921ರಲ್ಲಿ ಅವರು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಗಾಡಿಯನ್ನು ಹೂವಿನಿಂದ ಸಿಂಗರಿಸಿ, ತಾವೇ ಅದನ್ನು ರೈಲು ನಿಲ್ದಾಣದವರೆಗೆ ಎಳೆದರು. ಅವರ ಜನ್ಮದಿನ ಶಿಕ್ಷಕರ ದಿನವಾಗಲು ಇನ್ನೂ ನಾಲ್ಕು ದಶಕಗಳಿದ್ದವು. ಗಾಡಿ ಎಳೆದವರು ಮೂರು ವರ್ಷ ಅವರ ಮುಂದೆ ಕುಳಿತವರು. ಅವರಿಗೆ ಬೇರೆ ಕಡತ ಬೇಕಿರಲಿಲ್ಲ.

ಈ ವರ್ಷದ ಸಮಾರಂಭಕ್ಕೆ ಮುನ್ನ ಸಮಿತಿಯವರು ಸಲಹೆ ಕೇಳಿದಾಗ ನಾನು ಒಂದೇ ಮಾತು ಹೇಳಿದೆ: ಹೆಸರುಗಳನ್ನು ತೀರ್ಮಾನಿಸುವ ಮೊದಲು ಸಮಿತಿಯ ಒಬ್ಬೊಬ್ಬರು ಒಂದೊಂದು ಶಾಲೆಗೆ ಹೋಗಿ, ಬೆಳಗಿನ ಪ್ರಾರ್ಥನೆಯಿಂದ ಸಂಜೆಯ ಗಂಟೆಯವರೆಗೆ ಹಿಂದಿನ ಬೆಂಚಿನಲ್ಲಿ ಕುಳಿತು ಬರಲಿ, ಕೊನೆಯ ಸಾಲಿನ ಮಕ್ಕಳೊಡನೆ ಮಾತಾಡಲಿ. ಇಬ್ಬರು ತಕ್ಷಣ ಒಪ್ಪಿದರು. ಮೂರನೆಯವರು ಸ್ವಲ್ಪ ಯೋಚಿಸಿ, ಬಸ್ಸಿನ ಖರ್ಚು ಯಾರದೆಂದು ಕೇಳಿದರು.